ನರ್ಸಬಾಯಿ ಮತ್ತು ಮೂವರು ಹೀರೋಗಳು

ಇತ್ತೀಚೆಗೆ ವಿಜಾಪುರ ಜಿಲ್ಲೆಯ ಇಂಡಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತ ಹಿರಿಯರೊಬ್ಬರು ಆಚೆ ಬದಿಯವರೊಡನೆ ಸಿನಿಮಾದ ಹೊಡೆದಾಟದ ವಿಷಯಕ್ಕೆ ಜಗಳಕ್ಕೇ ಬಿದ್ದಿದ್ದರು. ಈಗಿನ ಹೀರೋಗಳು ಹಗ್ಗಕ್ಕೆ ಜೋತುಬಿದ್ದು ಹಾರುತ್ತಾರೆ, ನಮ್ಮ ಕಾಲದವನು ನೆಲದ ಮೇಲೆ ನಿಂತು ಬರಿಗೈಲಿ ಹತ್ತು ಮಂದಿಯನ್ನು ಕೆಡವುತ್ತಿದ್ದ, ಅಂಥವನನ್ನು ಜನ ಇನ್ನೂ ನೂರು ವರ್ಷ ಮರೆಯುವುದಿಲ್ಲ ಎಂದು ಅವರ ವಾದ. ಮಾತಿನ ಭರದಲ್ಲಿ ಮುಷ್ಟಿ ಬಿಗಿದು ತೋರಿಸಿದರು. ಕಿರುಬೆರಳು ಮಾತ್ರ ಮಡಚಿಕೊಳ್ಳದೆ ತಾನೊಂದು ದಿಕ್ಕಿಗೆ ನೆಟ್ಟಗೆ ನಿಂತಿತ್ತು. ಆ ಬೆರಳಿನಿಂದಲೇ ನನಗೆ ಗುರುತು ಹತ್ತಿತು. ಮುದ್ದೇಬಿಹಾಳದ ಬಟ್ಟೆ ಅಂಗಡಿ ಸಾವಕಾರರ ಮಗ. ಅವರಿಗೂ ನನ್ನ ಗುರುತು ಸಿಕ್ಕಿತು.

"ಅಕ್ಕೋರ, ನೀವs ಏನ್ರಿ! ಅಂದಂಗ ನಿಮ್ಮ ನರ್ಸಬಾಯಿ ಹೋದರಲ್ಲರಿ, ಗೊತ್ತಾತೋ ಇಲ್ಲೋ?"

"ಯಾವಾಗ?"

"ದೀಪಾವಳಿ ಮುಂದ, ಸಿಂದಗ್ಯಾಗ. ಮಲಗಿದಲ್ಲೇ ಹೋದರಂತ. ಪುಣ್ಯಾತಗಿತ್ತಿ" ಎಂದು ನಿಟ್ಟುಸಿರು ಬಿಟ್ಟು, ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ, ಮತ್ತೆ ಆಚೆ ಬದಿಗೆ ತಿರುಗಿದರು. ನೂರು ವರ್ಷ ಬಾಳಬೇಕಾದವನ ವಿಷಯ ಅರ್ಧಕ್ಕೆ ನಿಂತಿತ್ತು.

ನಾನು ಉಂಡೆನೋ ಬಿಟ್ಟೆನೋ ನೆನಪಿಲ್ಲ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಧಾರವಾಡದ ಕಡೆಯಿಂದ ಮುದ್ದೇಬಿಹಾಳದ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಹೋದೆ. ಮದುವೆಯಾಗಿರಲಿಲ್ಲ, ಅವ್ವ ಜೊತೆಗಿದ್ದಳು. ನಮಗೆ ಸಿಕ್ಕ ಬಾಡಿಗೆ ಮನೆಗೂ ನರ್ಸಬಾಯಿಯ ಮನೆಗೂ ನಡುವೆ ಒಂದೇ ಗೋಡೆ. ಅವರು ಸರಕಾರಿ ದವಾಖಾನೆಯ ನರ್ಸು. ಅವರಿಗೊಂದು ಚೆಂದದ ಹೆಸರೂ ಇತ್ತು. ಆದರೆ ಹಾಜರಿ ಪುಸ್ತಕ ಬಿಟ್ಟರೆ ಅದನ್ನು ಬಳಸಿದವರಿಲ್ಲ. ಊರಿಗೆಲ್ಲ ನರ್ಸಬಾಯಿ, ನನಗೆ ಬಾಯಾರು. ಎತ್ತರದ ಆಳು, ಗಟ್ಟಿ ಕೈ, ಗಂಜಿ ಹಾಕಿದ ಬಿಳಿ ಸೀರೆ, ಸೊಂಟದಲ್ಲಿ ಎಲೆ ಅಡಿಕೆಯ ಚಂಚಿ. ದೂರದ್ದು ಕಾಣಲೆಂದು ಒಂದು ಕನ್ನಡಕ ಇಟ್ಟುಕೊಂಡಿದ್ದರು. ಅದನ್ನು ಹಾಕುತ್ತಿದ್ದದ್ದು ಸಿನಿಮಾಕ್ಕೆ ಹೋಗುವಾಗ ಮಾತ್ರ. ಮುದ್ದೇಬಿಹಾಳದಲ್ಲಿ ದೂರ ನೋಡುವಂಥದ್ದು ಬೇರೆ ಏನೈತಿ ಎನ್ನುತ್ತಿದ್ದರು.

ಊರ ಹೊರಗೆ ಒಂದು ಡೇರೆ ಟಾಕೀಸಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಒಂದು ಸೀರೆಯಗಲದ ಪರದೆ. ಹೆಂಗಸರ ಕಡೆ ಜನ ತುಂಬುತ್ತಿದ್ದದ್ದು ದೇವರ ಪಿಕ್ಚರಿಗೆ, ಇಲ್ಲವೇ ಅತ್ತೆ ಸೊಸೆಯರು ಅಳುವ ಪಿಕ್ಚರಿಗೆ. ಹೊಡೆದಾಟದ ಪಿಕ್ಚರ್ ಬಂದ ವಾರ ಅಲ್ಲಿ ಹಾಯಾಗಿ ಮಲಗಬಹುದಿತ್ತು. ಅಂಥ ವಾರದಲ್ಲೇ ನರ್ಸಬಾಯಿ ಕನ್ನಡಕ ಹುಡುಕುತ್ತಿದ್ದರು. ಒಂದನ್ನೂ ಬಿಡುತ್ತಿರಲಿಲ್ಲ. ಟಾಕೀಸಿನಲ್ಲಿ ಇಲ್ಲದ್ದು ನಾಲತವಾಡದ ಡೇರೆಯಲ್ಲಿ ಬಂದಿದೆ ಎಂದು ತಿಳಿದರೆ ಡ್ಯೂಟಿ ಬದಲಾಯಿಸಿಕೊಂಡು ಬಸ್ಸು ಹತ್ತುತ್ತಿದ್ದರು. ಒಬ್ಬರೇ ಕೂಡುವುದಕ್ಕೆ ಬೇಸರವಾಗಿ ನನ್ನನ್ನೂ ಕರೆದರು. ಸಿನಿಮಾ ಎಂದರೆ ಮುಖ ತಿರುಗಿಸುತ್ತಿದ್ದ ಅವ್ವ ಇದಕ್ಕೆ ಒಪ್ಪಿದ್ದೇ ದೊಡ್ಡ ಸಂಗತಿ. "ನರ್ಸಬಾಯಿ ಜೋಡಿ ಹೋದ್ರ ದವಾಖಾನಿಗೆ ಹೋದಂಗ. ಹೋಗಿ ಬಾ" ಎಂದಳು.

ಆಗ ಊರನ್ನು ಆಳುತ್ತಿದ್ದವರು ಮೂವರು ಹೀರೋಗಳು. ಅವರಿಗೆ ದೊಡ್ಡ ದೊಡ್ಡ ಹೆಸರುಗಳಿದ್ದವು, ಹೆಸರಿನ ಹಿಂದೆ ಮುಂದೆ ಬಿರುದುಗಳಿದ್ದವು. ನರ್ಸಬಾಯಿ ಅವನ್ನೆಲ್ಲ ಕಿತ್ತು ಬದಿಗಿಟ್ಟು ಮೂವರಿಗೂ ಸರಳವಾಗಿ ಹೆಸರಿಟ್ಟಿದ್ದರು: ಕತ್ತಿಯವ, ಪಿಸ್ತೂಲಿನವ, ಬರಿಗೈಯವ. ಸಿನಿಮಾದ ಮರುದಿನ ದವಾಖಾನೆಗೆ ಗಾಯ ಮಾಡಿಕೊಂಡು ಬಂದ ಹುಡುಗರಿಗೆ ಏನಾಗಿದೆ ಎಂದು ಅವರು ಕೇಳುತ್ತಿರಲಿಲ್ಲ. "ಯಾರ ಪಿಕ್ಚರು?" ಎಂದೇ ಕೇಳುತ್ತಿದ್ದರು. ಉತ್ತರ ಬರುವಷ್ಟರಲ್ಲಿ ಸೂಜಿಯೋ ಪಟ್ಟಿಯೋ ಕೈಯಲ್ಲಿರುತ್ತಿತ್ತು.

ಕತ್ತಿಯವ ಹಳಬ. ರಾಜ, ಸೇನಾಪತಿಯ ವೇಷದವನು. ಅವನ ರೀಲುಗಳು ಊರೂರು ತಿರುಗಿ ಸವೆದು, ತೆರೆಯ ಮೇಲೆ ಮೊದಲಿನಿಂದ ಕೊನೆಯವರೆಗೆ ಗೆರೆಗಳು ಸುರಿಯುತ್ತಿದ್ದವು. ಹೊಡೆಯುವ ಮೊದಲು ಅವನು ಧರ್ಮದ ಮೇಲೆ ಉದ್ದನೆಯ ಭಾಷಣ ಮಾಡುತ್ತಿದ್ದ. ವೈರಿಗಳು ಅದನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಸಾಯುತ್ತಿದ್ದರು. ಅವನ ಪಿಕ್ಚರ್ ಬಂದ ವಾರ ಜೋಳದ ದಂಟಿನಿಂದ ಬಡಿದಾಡಿಕೊಂಡವರು ತರಚಿದ ಮೊಣಕಾಲು ತೋರಿಸಲು ಬರುತ್ತಿದ್ದರು. "ಕತ್ತಿಯವ ಸಂಭಾವಿತ" ಎನ್ನುತ್ತಿದ್ದರು ನರ್ಸಬಾಯಿ. "ತೊಗಲು ದಾಟಿ ಒಳಗ ಹೋಗೂದಿಲ್ಲ. ಆದ್ರ ಮೀಸಿ ನೋಡ್ರಿ ಅಕ್ಕೋರ. ಊರಾಗಿನ ಅರ್ಧ ಮೀಸಿ ಅವಂದು."

ಪಿಸ್ತೂಲಿನವ ಕುದುರೆಯ ಮೇಲೆ ಬರುತ್ತಿದ್ದ. ಮುದ್ದೇಬಿಹಾಳದಲ್ಲಿ ಕುದುರೆಗಳಿದ್ದದ್ದು ಟಾಂಗಾಗಳಿಗೆ. ಟಾಂಗಾದವರು ಹೀರೋಗಳಿಗೆ ಕುದುರೆ ಕೊಡುತ್ತಿರಲಿಲ್ಲ. ಹೀಗಾಗಿ ಊರ ಹುಡುಗರು ಅಗಸರ ಕತ್ತೆಗಳ ಮೇಲೆ ಏರಿ ಹೋಗಿ, ಕತ್ತೆಗಳು ಒದ್ದ ಜಾಗ ಹಿಡಿದುಕೊಂಡು ದವಾಖಾನೆಗೆ ನಡೆದು ಬರುತ್ತಿದ್ದರು. ಅವನ ಹಾಗೆ ಅಗಲ ಕಾಲಿನ ಪ್ಯಾಂಟು ಹೊಲಿಸಿಕೊಂಡವರು ಅದನ್ನು ಸೈಕಲ್ಲಿನ ಚೈನಿಗೆ ಸಿಗಿಸಿಕೊಂಡು ಬಜಾರದ ನಡುವೆ ಬೀಳುತ್ತಿದ್ದರು.

ಬರಿಗೈಯವ ಎಲ್ಲರಿಗಿಂತ ಹೊಸಬ. ಕತ್ತಿ ಬೇಡ, ಪಿಸ್ತೂಲು ಬೇಡ, ಕುದುರೆ ಬೇಡ. ಬಡವರೂ ಅನುಕರಿಸಬಹುದಾದ ಹೀರೋ. ತೆರೆಯ ಮೇಲೆ ಅವನು ಹೆಂಚುಗಳನ್ನು ಒಂದರ ಮೇಲೊಂದು ಒಟ್ಟಿ ಅಂಗೈ ಅಂಚಿನಿಂದ ಮುರಿದು ತೋರಿಸಿದ. ನಮ್ಮ ಊರಲ್ಲಿ ಮಣ್ಣಿನ ಮಾಳಿಗೆಗಳು. ಹೆಂಚು ಎಲ್ಲಿಂದ ಬರಬೇಕು? ನೆಲಕ್ಕೆ ಹಾಸುವ ಪರಸಿ ಕಲ್ಲು ಮಾತ್ರ ಧಾರಾಳವಾಗಿತ್ತು. ಅದನ್ನೇ ಒಟ್ಟಿದರು. ಬಟ್ಟೆ ಅಂಗಡಿ ಸಾವಕಾರರ ಮಗನ ಕಿರುಬೆರಳು ಹೋದದ್ದು ಆಗ. ಪರಸಿ ಇವತ್ತಿಗೂ ಎಲ್ಲೋ ಒಬ್ಬರ ಪಡಸಾಲೆಯಲ್ಲಿ ಕ್ಷೇಮವಾಗಿರಬೇಕು.

ಆ ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡ ಮೇಲೆ ಅವನು ಬರಿಗೈಯವನ ಕಡೆಯ ಮುಖಂಡನಾದ. ಪಿಸ್ತೂಲಿನವನ ಕಡೆಗೆ ಪಂಚಾಯತಿಯ ಕಾರಕೂನನೊಬ್ಬನಿದ್ದ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಎರಡೂ ಕಡೆಯವರು ದಿನಾ ಸಂಜೆ ಸೇರಿ, ಯಾರ ಹೀರೋ ಹೆಚ್ಚು ಕಾಲ ಬಾಳುತ್ತಾನೆ ಎಂದು ಕೂಗಾಡುತ್ತಿದ್ದರು. ಕತ್ತಿಯವನ ಕಡೆಯವರು ಮುದುಕರು, ಮೀಸೆ ತಿರುವುತ್ತ ಸುಮ್ಮನೆ ಕೂಡುತ್ತಿದ್ದರು. ಕೊನೆಗೆ ಯಾರೋ ಒಬ್ಬರು, ಊರಲ್ಲಿ ಎಲ್ಲ ಪಿಕ್ಚರನ್ನೂ ನೋಡಿದವರು ನರ್ಸಬಾಯಿ ಒಬ್ಬರೇ, ಅವರನ್ನೇ ಕೇಳೋಣ ಎಂದರು. ಒಂದು ದಂಡೇ ದವಾಖಾನೆಯ ಕಟ್ಟೆಗೆ ಬಂತು. ಶಾಲೆ ಬಿಟ್ಟು ಬರುತ್ತಿದ್ದ ನಾನು ಅದನ್ನು ಕಣ್ಣಾರೆ ಕಂಡೆ.

ನರ್ಸಬಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಪ್ರಶ್ನೆ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಗಂಭೀರವಾಗಿ ಯೋಚನೆ ಮಾಡಿದರು.

"ನೋಡ್ರೆಪಾ, ಪಿಸ್ತೂಲಿನವಂದು ಬರೇ ಬಾವು, ಲಗೂನ ಇಳೀತೈತಿ. ಬರಿಗೈಯವಂದು ಹಂಗಲ್ಲ. ಎಲುಬಿಗೆ ಹತ್ತೈತಿ. ಸಾಯೂತನಕ ಹೋಗೂದಿಲ್ಲ."

ಬರಿಗೈಯವನ ಕಡೆಯವರು ಕೇಕೆ ಹಾಕಿದರು. ಎಲುಬಿಗೆ ಹತ್ತೈತಿ, ಸಾಯೂತನಕ ಹೋಗೂದಿಲ್ಲ! ಇದಕ್ಕಿಂತ ದೊಡ್ಡ ಹೊಗಳಿಕೆ ಯಾವ ಹೀರೋಗೆ ಸಿಕ್ಕೀತು? ಸಂಜೆ ಬಜಾರದಲ್ಲಿ ಪೇಢೆ ಹಂಚಿದರು. ನರ್ಸಬಾಯಿಗೂ ಒಂದು ಪೊಟ್ಟಣ ಬಂತು. "ತಿನ್ರಿ ಅಕ್ಕೋರ. ಇಂಥಾ ಪೇಸೆಂಟು ಇನ್ನ ಎಲ್ಲಿ ಸಿಗ್ತಾರ" ಎಂದು ನನ್ನ ಕೈಗೂ ಎರಡು ಹಾಕಿದರು.

ಅವರು ಸಿನಿಮಾ ನೋಡುವ ರೀತಿ ವಿಚಿತ್ರವಾಗಿತ್ತು ಎಂದು ನನಗೆ ತಿಳಿದದ್ದು ನಾಲ್ಕಾರು ಸಲ ಜೊತೆಗೆ ಹೋದ ಮೇಲೆ. ಹೀರೋ ಮೊದಲ ಸಲ ತೆರೆಯ ಮೇಲೆ ಬಂದಾಗ ಗಂಡಸರ ಕಡೆ ಸೀಟಿ ಮುಗಿಲು ಮುಟ್ಟುತ್ತಿತ್ತು. ಆಗ ಇವರು ಅಡಿಕೆ ಕತ್ತರಿಸುತ್ತಿದ್ದರು. ಹಾಡು ಬಂದರೆ ಗೋಣು ವಾಲಿಸಿ ಒಂದು ನಿದ್ದೆ ತೆಗೆಯುತ್ತಿದ್ದರು. ಹೊಡೆದಾಟ ಶುರುವಾಯಿತೋ, ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗುತ್ತಿದ್ದರು. ಎಲ್ಲರ ಕಣ್ಣೂ ತೆರೆಯ ನಡುವಿದ್ದರೆ ಇವರ ಕಣ್ಣು ಮೂಲೆಗಳಲ್ಲಿ ಓಡಾಡುತ್ತಿತ್ತು. ಹೊಡೆದಾಟ ಮುಗಿದ ಕೂಡಲೇ ಮತ್ತೆ ಚಂಚಿ.

ಒಂದು ಸಂಜೆ ಪಿಸ್ತೂಲಿನವನ ಪಿಕ್ಚರ್. ಸಾರಾಯಿ ಅಂಗಡಿಯೊಂದರಲ್ಲಿ ದೊಡ್ಡ ಹೊಡೆದಾಟ. ಹೀರೋ ಒಬ್ಬನನ್ನು ಮೆಟ್ಟಿಲ ಮೇಲಿಂದ ಉರುಳಿಸಿದ, ಒಬ್ಬನನ್ನು ಕಿಟಕಿಯಾಚೆ ಒಗೆದ. ನರ್ಸಬಾಯಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು.

"ಅಕ್ಕೋರ, ಕಿಟಕಿಯಿಂದ ಆಚೆ ಬಿದ್ದರಲ್ಲ, ಚೌಕಡಿ ಅಂಗಿ. ಅವರು ನಮ್ಮನಿಯವರು."

ತೆರೆಯ ಮೇಲೆ ಹೀರೋ ಟೊಪ್ಪಿಗೆಯ ಧೂಳು ಕೊಡವುತ್ತಿದ್ದ. ಕಿಟಕಿಯ ಆಚೆ ಏನಾಯಿತು ಎಂದು ಯಾರೂ ತೋರಿಸಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವರು ಎಲ್ಲವನ್ನೂ ಹೇಳಿದರು, ಯಾರದೋ ಮನೆಯ ಸಂಗತಿ ಹೇಳಿದ ಹಾಗೆ. ಗಂಡ ಸಿಂದಗಿಯ ಕಡೆಯವನು, ಗರಡಿಯಲ್ಲಿ ಬೆಳೆದ ಮೈ, ನೋಡಲು ಚೆಂದ. ಮದುವೆಯಾಗಿ ಹೆಚ್ಚು ದಿನವಾಗುವ ಮೊದಲೇ ಹೀರೋ ಆಗುತ್ತೇನೆಂದು ಮುಂಬಯಿ ರೈಲು ಹತ್ತಿದ. ಮೊದಮೊದಲು ಊರವರ ಕೈಯಲ್ಲಿ ಸುದ್ದಿ ಬರುತ್ತಿತ್ತು, ಆಮೇಲೆ ನಿಂತಿತು. ಇವರು ಅಣ್ಣನ ಮನೆ ಸೇರಿ, ವಿಜಾಪುರದಲ್ಲಿ ನರ್ಸ್ ತರಬೇತಿ ಮುಗಿಸಿದರು. ತರಬೇತಿಯ ದಿನಗಳಲ್ಲೇ ಒಮ್ಮೆ ಗೆಳತಿಯರ ಜೊತೆ ಸಿನಿಮಾಕ್ಕೆ ಹೋದಾಗ, ಹೀರೋನ ಕೈಯಲ್ಲಿ ಪೆಟ್ಟು ತಿಂದು ಹುಲ್ಲಿನ ಬಣವೆಯ ಮೇಲೆ ಬಿದ್ದವನು ಗಂಡನೇ ಎಂದು ಗುರುತು ಹತ್ತಿತು.

"ಅವತ್ತಿನಿಂದ ಒಂದೂ ಬಿಟ್ಟಿಲ್ಲ. ಹೀರೋ ಯಾರs ಇರಲಿ, ಹೊಡೆಸಿಕೊಳ್ಳಾವರು ನಮ್ಮವರs. ಪಾಪ, ಯಾವ ಕಡೀನೂ ಹಿಡದಿಲ್ಲ, ಎಲ್ಲಾರ ಕಡಿಂದನೂ ತಿಂದಾರ."

"ಹುಡುಕಿಸಬೇಕಿತ್ತಲ್ರೀ, ಬಾಯಾರ."

"ಹುಡುಕಿಸಿ ಏನ್ ಹೇಳ್ಲಿ? ಬಾ ಅನ್ಲೇನು? ಬರಾವರಾಗಿದ್ರ ದಾರಿ ಗೊತ್ತೈತಿ. ಜೀವಂತ ಅದಾರಿಲ್ಲೋ, ಅಷ್ಟ ತಿಳೀಬೇಕು ನನಗ."

ಆ ಮೇಲೆ ನನಗೂ ಹೀರೋ ಕಾಣದಾದ. ಪರದೆಯ ಆಚೆ ಊರೆಲ್ಲ ಸೀಟಿ ಹೊಡೆಯುತ್ತಿದ್ದರೆ ಈಚೆ ನಾವಿಬ್ಬರು ಬಿದ್ದವರಲ್ಲಿ ಒಬ್ಬನನ್ನು ಹುಡುಕುತ್ತಿದ್ದೆವು. ಸಿಕ್ಕ ಮೇಲೆ ನರ್ಸಬಾಯಿ ತಪಾಸಣೆ ಮಾಡುತ್ತಿದ್ದರು. "ಎಡಗಾಲು ಎಳ್ಯಾಕತ್ತಾರ. ನೋಡಿದ್ರಿ? ಬಲಮಗ್ಗಲs ಬೀಳತಾರ ಈಗ. ಬೆನ್ನಿಗೆ ಏನೋ ಆಗೈತಿ." ನಮ್ಮ ಊರಿಗೆ ಪಿಕ್ಚರುಗಳು ಬರುತ್ತಿದ್ದದ್ದು ದೊಡ್ಡ ಊರುಗಳೆಲ್ಲ ನೋಡಿ ಮುಗಿಸಿದ ಮೇಲೆ, ಅದೂ ಹಿಂದುಮುಂದಾಗಿ. ಒಂದು ವಾರ ಆತ ಎದ್ದು ನಿಲ್ಲಲು ಗೋಡೆ ಹಿಡಿಯುತ್ತಿದ್ದ. ಮುಂದಿನ ವಾರ ಹಳೆಯ ಕತ್ತಿಯವನ ಪಿಕ್ಚರ್ ಬಂದು, ಅದರಲ್ಲಿ ಕೋಟೆಯ ಮೇಲಿಂದ ಚೆಂಡಿನ ಹಾಗೆ ಪುಟಿದು ಬೀಳುತ್ತಿದ್ದ. "ಈ ವಾರ ಹುಷಾರಾಗ್ಯಾರ" ಎಂದು ನರ್ಸಬಾಯಿ ನಗುತ್ತಿದ್ದರು. ಆ ನಗೆಯನ್ನು ನೋಡಲು ಕಷ್ಟವಾಗುತ್ತಿತ್ತು.

ಆಮೇಲೆ ಒಂದಿಷ್ಟು ಕಾಲ ಯಾವ ಪಿಕ್ಚರಿನಲ್ಲೂ ಆತ ಕಾಣಲಿಲ್ಲ. ನರ್ಸಬಾಯಿ ಕನ್ನಡಕ ಒರೆಸಿ ಒರೆಸಿ ನೋಡಿದರು. ಹೊರಗೆ ಏನೂ ತೋರಿಸಿಕೊಳ್ಳಲಿಲ್ಲ, ಅಡಿಕೆ ಹಾಕುವುದು ಮಾತ್ರ ಹೆಚ್ಚಾಯಿತು.

ಒಂದು ಭಾನುವಾರ ಮಧ್ಯಾಹ್ನ ನಾನು ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದೆ. ನಿಡಗುಂದಿಯ ಬಸ್ಸು ಬಂದು ಸ್ವಲ್ಪ ಹೊತ್ತಾಗಿತ್ತು. ಕಪ್ಪು ಕನ್ನಡಕ, ಅಗಲ ಪ್ಯಾಂಟು, ಕೈಯಲ್ಲಿ ತಗಡಿನ ಟ್ರಂಕು ಹಿಡಿದ ಒಬ್ಬ ಗಂಡಸು ಓಣಿಯ ತುದಿಯಲ್ಲಿ ಕಾಣಿಸಿಕೊಂಡ. ಎಡಗಾಲು ಎಳೆಯುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ನನ್ನ ಕೈಯ ಮೊರ ನಿಂತುಹೋಯಿತು.

"ನರ್ಸಬಾಯಿಯವರ ಮನಿ ಇದs ಏನ್ರಿ?"

ನರ್ಸಬಾಯಿ ಒಳಗಿನಿಂದ ಬಂದರು. ಬಾಗಿಲ ಚೌಕಟ್ಟು ಹಿಡಿದು ನಿಂತರು. ಆತ ಕಪ್ಪು ಕನ್ನಡಕ ತೆಗೆದ. ದಾರಿಯುದ್ದ ಎಷ್ಟು ಮಾತು ಜೋಡಿಸಿಕೊಂಡು ಬಂದಿದ್ದನೋ, ಬಾಯಿ ತೆರೆದ, ಮುಚ್ಚಿದ.

"ಬಂದ್ರಿ?" ಎಂದರು ನರ್ಸಬಾಯಿ.

"ಬಂದೆ."

"ಬೆನ್ನು ಹೆಂಗೈತಿ?"

ಆತ ಬೆಪ್ಪಾಗಿ ನೋಡಿದ. ಬೈಗುಳಕ್ಕೆ ತಯಾರಾಗಿದ್ದ, ಅಳುವಿಗೆ ತಯಾರಾಗಿದ್ದ, ಮುಚ್ಚಿದ ಬಾಗಿಲಿಗೂ ತಯಾರಾಗಿದ್ದಿರಬೇಕು. ಈ ಪ್ರಶ್ನೆಗೆ ಮಾತ್ರ ತಯಾರಾಗಿರಲಿಲ್ಲ. "ನಿನಗ್ಯಾರ ಹೇಳಿದರು?" ಎಂದ.

"ಒಳಗ ಬರ್ರಿ. ಅಂಗಿ ತಗೀರಿ, ನೋಡತೇನಿ."

ಮರುದಿನವೇ ವಿಜಾಪುರಕ್ಕೆ ಕರೆದುಕೊಂಡು ಹೋಗಿ ಎಕ್ಸರೇ ತೆಗೆಸಿದರು. ಬೆನ್ನೆಲುಬಿನ ಒಂದು ಮಣಿ ಜಜ್ಜಿಹೋಗಿತ್ತು. ಇನ್ನೊಂದು ಸಲ ಬಿದ್ದರೆ ಎರಡೂ ಕಾಲು ಹೋಗುತ್ತವೆ ಎಂದು ಅಲ್ಲಿನ ಡಾಕ್ಟರು ಹೇಳಿದರು. ಮುಂಬಯಿಯಲ್ಲಿ ಬೀಳಲಾರದವನಿಗೆ ಕೆಲಸವಿಲ್ಲ, ಅದಕ್ಕೇ ಸಿಂದಗಿಗೆ ಮರಳಿ, ಹೆಂಡತಿಯ ವಿಳಾಸ ಕೇಳಿಕೊಂಡು ಇಲ್ಲಿಗೆ ಬಂದಿದ್ದ.

ನಾನು ಒಮ್ಮೆ ತಡೆಯಲಾರದೆ ಕೇಳಿದೆ. "ಬಾಯಾರ, ನಿಮಗ ಸಿಟ್ಟು ಇಲ್ಲೇನ್ರಿ?"

"ಯಾಕಿಲ್ಲ, ಐತಿ. ಅದಕ್ಕೇನ ಅವಸರ? ಎಲ್ಲಿ ಹೋಗತೈತಿ ಅದು. ಮೊದಲ ಬೆನ್ನು."

ಊರಿಗೆ ಸುದ್ದಿ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಮೂವರೂ ಹೀರೋಗಳ ಕೈಯಿಂದ ಖುದ್ದಾಗಿ ಪೆಟ್ಟು ತಿಂದ ಮನುಷ್ಯ ನಮ್ಮ ಊರಲ್ಲಿದ್ದಾನೆ! ಅವನ ಬಲಗೆನ್ನೆಯನ್ನು ಬರಿಗೈಯವನು ಮುಟ್ಟಿದ್ದಾನೆ! ಚಹಾದಂಗಡಿಯಲ್ಲಿ ಅವನಿಗೆ ಬೆಂಚಿನ ನಡುವೆ ಜಾಗವಾಯಿತು. ಎರಡೂ ಕಡೆಯವರು ಚಹಾ, ಭಜಿ ತರಿಸಿ ಅವನನ್ನು ತಮ್ಮ ಸಾಕ್ಷಿ ಮಾಡಿಕೊಳ್ಳಲು ಹೆಣಗಿದರು. ಆತ ಪ್ರಾಮಾಣಿಕವಾಗಿಯೇ ಹೇಳುತ್ತಿದ್ದ:

"ಕತ್ತಿಯವರು ದೊಡ್ಡ ಮನಿಶಾರು. ಹೊಡಿಯೂ ಮುಂದ 'ಸಂಭಾಳಿಸ್ಕೊಳಪ್ಪ' ಅಂತಿದ್ದರು. ಪಿಸ್ತೂಲಿನವರು ದೂರ ಕುರ್ಚಿ ಹಾಕ್ಕೊಂಡು ಕೂತಿರತಾರ. ನಾವs ಬಿದ್ದು, ನಾವs ಸತ್ತು, ಆಮ್ಯಾಲ ಅವರು ಬಂದು ಹೊಗಿ ಊದತಾರ. ಬರಿಗೈಯವರು ಖರೇ ಹೊಡೀತಾರ. ಅವರಿಗೆ ಸುಳ್ಳ ಹೊಡಿಯಾಕ ಬರೂದಿಲ್ಲ."

"ಖರೇ ಹೊಡೀತಾರ!" ಎಂದು ಬರಿಗೈಯವನ ಕಡೆಯವರು ಒಬ್ಬರ ಬೆನ್ನು ಒಬ್ಬರು ಚಪ್ಪರಿಸಿದರು. ಆ ಖರೇ ಪೆಟ್ಟು ಈತನ ಬೆನ್ನಲ್ಲಿ ಎಲ್ಲಿ ಕುಳಿತಿದೆ ಎಂದು ಯಾರೂ ಕೇಳಲಿಲ್ಲ.

ಗರಡಿಮನೆಯಲ್ಲಿ ಹುಡುಗರಿಗೆ ಪೆಟ್ಟಾಗದಂತೆ ಬೀಳುವುದನ್ನು ಕಲಿಸುತ್ತೇನೆಂದು ಆತ ಶುರುಮಾಡಿದ. ಬೀಳುವುದನ್ನು ಕಲಿಯಲು ಒಬ್ಬನೂ ಬರಲಿಲ್ಲ. ಹೊಡೆಯುವುದು ಹೇಳಿಕೊಡ್ರಿ ಎಂದರು. ಅದು ತನಗೆ ಬರುವುದಿಲ್ಲ ಎಂದು ಹೇಳುವಷ್ಟು ದಿನ ಆತ ಹೇಳಿದ. ಆಮೇಲೆ ಹೇಳುವುದನ್ನು ಬಿಟ್ಟ. ಹೊಗಳಿಕೆಯೂ ಒಂದು ರುಚಿ, ಆತ ಅದನ್ನು ಉಂಡವನಲ್ಲ. ಬರಬರುತ್ತ ಕಥೆಗಳಲ್ಲಿ ಪೆಟ್ಟು ತಿನ್ನುವುದು ಕಡಿಮೆಯಾಗಿ, ಪೆಟ್ಟು ಕೊಡುವುದು ಹೆಚ್ಚಾಯಿತು.

ಇದನ್ನೆಲ್ಲ ನೋಡುತ್ತಿದ್ದ ಟಾಕೀಸಿನ ಸಾವಕಾರನಿಗೆ ಒಂದು ಉಪಾಯ ಹೊಳೆಯಿತು. ಬರಿಗೈಯವನ ಹೊಸ ಪಿಕ್ಚರ್ ಬರುವುದಿತ್ತು. ಸಂತೆಯ ದಿನ ಹತ್ತಿ ಕಾರ್ಖಾನೆಯ ಮಾಳಿಗೆಯ ಮೇಲಿಂದ ಈತ ಜಿಗಿಯಬೇಕು, ಜನರೆಲ್ಲ ನೋಡಿ ನೇರವಾಗಿ ಟಾಕೀಸಿಗೆ ಬರಬೇಕು. ಟಾಂಗಾದಲ್ಲಿ ಮೈಕಿನ ಕರ್ಣೆ ಕಟ್ಟಿಕೊಂಡು ಹಳ್ಳಿಹಳ್ಳಿಗೂ ಸಾರಿಸಿದ. ಕೇಳಿದಾಗ ಈತ ಬೇಡ ಎನ್ನಲಿಲ್ಲ.

ಸಂತೆಯ ದಿನ ಬೆಳಿಗ್ಗೆ ಗೋಡೆಯಾಚೆಯಿಂದ ಮಾತು ಕೇಳಿಸಿತು. ನರ್ಸಬಾಯಿಯ ದನಿ ತಗ್ಗಿತ್ತು. "ಎಕ್ಸರೇ ನೀವೂ ನೋಡೀರಿ. ಡಾಕ್ಟರ ಹೇಳಿದ್ದು ನೀವೂ ಕೇಳೀರಿ."

"ಕೇಳೇನಿ."

"ಕೇಳಿನೂ ಹೊಂಟೀರಿ?"

ಆಗ ಆತ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಇಷ್ಟ ವರ್ಷ ಬಿದ್ದೇನಿ, ಒಮ್ಮೆನೂ ನನ್ನ ಮಾರಿ ತೋರಿಸಿಲ್ಲ ಅವರು. ಇವತ್ತ ಮಂದಿ ನನ್ನ ನೋಡಾಕ ಕೂಡ್ಯಾರ. ನನ್ನs ನೋಡಾಕ."

ನರ್ಸಬಾಯಿ ಸೀರೆ ಉಟ್ಟುಕೊಂಡು ಡ್ಯೂಟಿಗೆ ಹೋದರು.

ಕಾರ್ಖಾನೆಯ ಬಯಲಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾಲತವಾಡದಿಂದ, ನಿಡಗುಂದಿಯಿಂದ ಸಂತೆಗೆ ಬಂದವರು ಚೀಲ ತಲೆಯ ಮೇಲಿಟ್ಟುಕೊಂಡೇ ನಿಂತಿದ್ದರು. ಹಲಗೆ ಬಾರಿಸುತ್ತಿದ್ದರು. ಮಾಳಿಗೆಯ ಕೆಳಗೆ ಹೊಟ್ಟಿನ ಚೀಲಗಳನ್ನು ಒಟ್ಟಿ, ಮೇಲೆ ಟಾಕೀಸಿನ ಸಾವಕಾರ ತನ್ನ ಮನೆಯ ಜಮಖಾನೆ ಹಾಸಿದ್ದ. ಪಿಸ್ತೂಲಿನವನ ಕಡೆಯವರೂ ಬರಿಗೈಯವನ ಕಡೆಯವರೂ ಹಾರ ಹಿಡಿದು ಕಾದಿದ್ದರು. ಆತ ಚೌಕಡಿ ಅಂಗಿ ತೊಟ್ಟು ಏಣಿ ಹತ್ತಿದ. ಮಾಳಿಗೆಯ ಅಂಚಿಗೆ ಬಂದು ಕೈ ಎತ್ತಿದ. ಸೀಟಿ, ಕೇಕೆ. ಅಷ್ಟು ದೂರದಿಂದಲೂ ಅವನ ಮುಖದ ಸಂತೋಷ ನನಗೆ ಕಂಡಿತು. ಆ ಮುಖವನ್ನು ಅಷ್ಟು ಹೊತ್ತು, ಅಷ್ಟು ನೇರವಾಗಿ ನಾನು ಯಾವ ಪಿಕ್ಚರಿನಲ್ಲೂ ಕಂಡಿರಲಿಲ್ಲ.

ಅಷ್ಟರಲ್ಲಿ ಜನರ ನಡುವೆ ದಾರಿ ತೆರೆದುಕೊಂಡಿತು. ಬಿಳಿ ಸೀರೆಯಲ್ಲಿ ನರ್ಸಬಾಯಿ ಬಂದರು. ಕೂಗಲಿಲ್ಲ, ಕೈಮುಗಿಯಲಿಲ್ಲ. ನೇರವಾಗಿ ಹೋಗಿ ಚೀಲಗಳ ಮೇಲೆ ಹತ್ತಿ, ಜಮಖಾನೆಯ ನಡುಮಧ್ಯೆ, ಮದುವೆಗೆ ಬಂದ ಬೀಗಿತ್ತಿಯ ಹಾಗೆ ಚಕ್ಕಳಬಕ್ಕಳ ಹಾಕಿ ಕುಳಿತರು. ಚಂಚಿ ಬಿಚ್ಚಿದರು.

ಹಲಗೆ ನಿಂತಿತು. ಸಾವಕಾರ ಓಡಿ ಬಂದ. "ನರ್ಸಬಾಯಿ, ಏನಿದು? ಏಳ್ರಿ, ಮಂದಿ ನೋಡಾಕತ್ತಾರ!"

"ನೋಡಲೆಪಾ. ನಾನೂ ನೋಡಾಕs ಬಂದೇನಿ."

ಮೇಲಿನಿಂದ ಆತ ಕೂಗಿದ. "ಸರಿ ಅಲ್ಲಿಂದ!"

ನರ್ಸಬಾಯಿ ಎಲೆಗೆ ಸುಣ್ಣ ಹಚ್ಚುತ್ತ ತಲೆ ಎತ್ತಿದರು. "ನೀವು ಜಿಗೀರಿ. ಇಷ್ಟ ವರ್ಷ ಪರದೆ ಮ್ಯಾಲ ನೋಡೇನಿ, ನೀವು ಬೀಳೂದು. ಇವತ್ತ ಬಾಜೂಕ ಕುಂತು ನೋಡತೇನಿ."

ಆತ ಅಂಚಿನಲ್ಲಿ ನಿಂತೇ ಇದ್ದ. ಹಿಂದಿನಿಂದ ಯಾರೋ "ಜಿಗಿಯೋ!" ಎಂದ. ಇನ್ನೊಬ್ಬ ಸೀಟಿ ಹೊಡೆದ. ಆತ ಜನರನ್ನು ನೋಡಿದ, ಕೆಳಗೆ ಕುಳಿತ ಹೆಂಡತಿಯನ್ನು ನೋಡಿದ. ಎತ್ತಿದ ಕೈ ಮೆಲ್ಲಗೆ ಇಳಿಯಿತು. ಆಮೇಲೆ ಬೆನ್ನು ತಿರುಗಿಸಿ ಏಣಿಯ ಕಡೆಗೆ ನಡೆದ.

ಏರಿದ್ದಕ್ಕಿಂತ ಇಳಿಯುವುದು ಕಷ್ಟವಾಗಿತ್ತು. ಎಡಗಾಲಿಗೆ ಏಣಿಯ ಮೆಟ್ಟಿಲು ಸಿಗುತ್ತಿರಲಿಲ್ಲ, ಗಾಳಿಯಲ್ಲಿ ತಡಕಾಡುತ್ತಿತ್ತು. ಜನ ನಗತೊಡಗಿದರು. ಯಾರೋ "ಡುಪ್ಲಿಕೇಟ್!" ಎಂದು ಕೂಗಿದ. ಮುದ್ದೇಬಿಹಾಳದ ಇತಿಹಾಸದಲ್ಲಿ ಮೊದಲ ಸಲ ಎರಡೂ ಕಡೆಯವರು ಒಂದಾಗಿ, ಒಂದೇ ದನಿಯಲ್ಲಿ, ಅದನ್ನೇ ಕೂಗಿದರು. ನರ್ಸಬಾಯಿ ಜಮಖಾನೆಯಿಂದ ಇಳಿದು ಏಣಿಯ ಬುಡ ಹಿಡಿದು ನಿಂತರು. "ಎಡಕ್ಕ. ಇನ್ನೊಂಚೂರು ಕೆಳಗ. ಹಾಂ, ಸಿಕ್ತು" ಎಂದು ಒಂದೊಂದೇ ಮೆಟ್ಟಿಲು ಹೇಳಿಕೊಟ್ಟರು. ನೆಲ ಮುಟ್ಟಿದ ಮೇಲೆ ಆತನ ರಟ್ಟೆ ಹಿಡಿದು ನಡೆಸಿಕೊಂಡು ಹೋದರು. ಹಾರಗಳನ್ನು ಏನು ಮಾಡಬೇಕೋ ತಿಳಿಯದೆ ಕಾರಕೂನ ಅವನ್ನು ಪಕ್ಕದ ಎತ್ತಿನ ಕೊರಳಿಗೆ ಹಾಕಿದ.

ಆ ಸಂಜೆ ಟಾಕೀಸು ತುಂಬಿತ್ತಂತೆ. ತೆರೆಯ ಮೇಲೆ ಬರಿಗೈಯವ ಇನ್ನೂ ಎತ್ತರದಿಂದ ಜಿಗಿದನಂತೆ. ಅವನ ಬದಲು ಜಿಗಿದವನು ಯಾರ ಮನೆಯವನೋ.

ಆತ ಬಹಳ ದಿನ ಹೊಸ್ತಿಲು ದಾಟಲಿಲ್ಲ. ಚಹಾದಂಗಡಿಯ ಬೆಂಚಿನಲ್ಲಿ ಅವನ ಜಾಗದಲ್ಲಿ ಬೇರೆಯವರು ಕುಳಿತರು. ಗೋಡೆಯಾಚೆ ಮಾತಿರಲಿಲ್ಲ, ಜಗಳವೂ ಇರಲಿಲ್ಲ. ನರ್ಸಬಾಯಿ ಬಾಕಿ ಇಟ್ಟಿದ್ದ ಸಿಟ್ಟನ್ನು ಯಾವಾಗ, ಹೇಗೆ ತೀರಿಸಿದರೋ ನನಗೆ ತಿಳಿಯದು. ಒಂದು ದಿನ ಬೆಳಿಗ್ಗೆ ಮಾತ್ರ ಆಚೆಯಿಂದ ಟಪಟಪ ಸದ್ದು ಕೇಳಿತು. ಅವ್ವ ಕಿವಿಗೊಟ್ಟು ಕೇಳಿ, "ಯಾರೋ ರೊಟ್ಟಿ ಬಡ್ಯಾಕತ್ತಾರ. ನರ್ಸಬಾಯಿ ಅಲ್ಲ. ಕೈ ಹೊಸಾದು" ಎಂದಳು.

ನರ್ಸಬಾಯಿ ಡ್ಯೂಟಿಯಲ್ಲಿದ್ದಾಗ ಗಂಡ ರೊಟ್ಟಿ ಬಡಿಯುತ್ತಾನೆಂಬ ಸುದ್ದಿ ಓಣಿಗೆ ಹಬ್ಬವಾಯಿತು. ಹೆಂಗಸರು ಕಡಗೋಲು ಕೇಳುವ, ಉಪ್ಪು ಕೇಳುವ ನೆಪದಲ್ಲಿ ಹೋಗಿ ಇಣುಕಿದರು. ಅವನ ರೊಟ್ಟಿಗಳಲ್ಲಿ ಒಂದು ತಾಲೂಕಿನ ನಕಾಶೆಯ ಹಾಗಿದ್ದರೆ ಇನ್ನೊಂದು ಒಡೆದ ಪರಸಿಯ ಹಾಗೆ ಇರುತ್ತಿತ್ತು. ಆತ ಯಾರ ನಗೆಗೂ ತಲೆ ಎತ್ತಲಿಲ್ಲ. ಕುಳಿತು ಮಾಡುವ ಕೆಲಸ, ಬೆನ್ನಿಗೆ ಒಗ್ಗುತ್ತಿತ್ತು.

ಮರುವರ್ಷ ನನಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಹೊರಡುವ ಮುನ್ನಾದಿನ ಮಧ್ಯಾಹ್ನ ನರ್ಸಬಾಯಿ ನನ್ನನ್ನೂ ಅವ್ವನನ್ನೂ ಊಟಕ್ಕೆ ಕರೆದರು. ಡ್ಯೂಟಿ ಮುಗಿಸಿ ಬಂದು, ಕೈಕಾಲು ತೊಳೆದು, ನಮ್ಮ ಜೊತೆಯಲ್ಲೇ ತಾವೂ ಎಲೆಯ ಮುಂದೆ ಕುಳಿತುಬಿಟ್ಟರು. ಮನೆಯಾಕೆ ಹಾಗೆ ಮೊದಲೇ ಕೂಡುವುದನ್ನು ನಮ್ಮ ಕಡೆ ನಾನು ಕಂಡಿರಲಿಲ್ಲ. ಅವ್ವ ಇರುಸುಮುರುಸಾಗಿ ಸೆರಗು ಸರಿಮಾಡಿಕೊಂಡಳು.

ಒಲೆಯ ಮುಂದೆ ಆತ ಕುಳಿತಿದ್ದ. ಮೈಯೆಲ್ಲ ಹಿಟ್ಟು. ಎರಡೂ ಅಂಗೈ ಒಂದರ ಹಿಂದೊಂದು ಬೀಳುತ್ತ, ಹಿಟ್ಟಿನ ಉಂಡೆ ತಿರುಗುತ್ತ ತಿರುಗುತ್ತ ಅಗಲವಾಯಿತು. ಚಂದ್ರನಷ್ಟು ದುಂಡಗಲ್ಲ, ಆದರೆ ತಾಲೂಕಿನ ನಕಾಶೆಯೂ ಅಲ್ಲ.

"ಚಲೋ ಬಡೀತೀರಲ್ರೀ" ಎಂದೆ ನಾನು.

ಆತ ಮೊದಲ ಸಲ ನನ್ನ ಕಡೆ ನೋಡಿ ನಕ್ಕ. "ಹೊಡತ ತಿನ್ನೂದು ಸರಳರಿ ಅಕ್ಕೋರ. ಬಡಿಯೂದs ಕಠಿಣ."

ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಆತ ಅದನ್ನು ತೆಗೆದು, ನಮ್ಮಿಬ್ಬರ ಎಲೆಗಳನ್ನು ದಾಟಿ, ಮೊದಲು ನರ್ಸಬಾಯಿಯ ಎಲೆಗೆ ಹಾಕಿದ. ಅತಿಥಿಗಳಿಗಿಂತ ಮೊದಲು ಹೆಂಡತಿಗೆ. ತಪ್ಪಾಯಿತೆಂದು ಗೊತ್ತಾಗಿ ಕೈ ಹಿಂದೆ ತೆಗೆಯಲು ಹೋದ, ಅಷ್ಟರಲ್ಲಿ ಅವರು ಮುರಿದಾಗಿತ್ತು. ಹೊಗೆಯಾಡುವ ರೊಟ್ಟಿಯನ್ನು ಊದಲೂ ಇಲ್ಲ. ಬದನೆಕಾಯಿ ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ದವಾಖಾನೆಯಿಂದ ಬಂದು ಬೆಳಗಿನ ತಣ್ಣನೆಯ ರೊಟ್ಟಿ ಮುರಿದುಕೊಂಡೇ ಇಷ್ಟು ವರ್ಷ ಕಳೆದವರು. ಆತ ಹಿಟ್ಟು ಮೆತ್ತಿದ ಎರಡೂ ಕೈ ಮೇಲೆತ್ತಿಕೊಂಡು ಅವರ ಮುಖವನ್ನೇ ನೋಡುತ್ತಿದ್ದ.

ನರ್ಸಬಾಯಿ ನಿಧಾನವಾಗಿ ನುಂಗಿ ಕಣ್ಣು ತೆರೆದರು.

"ಇನ್ನೊಂದ ಹಾಕ್ರಿ" ಎಂದರು.